ಕೇಸ್ ಗಟ್ಟಿ ಇದ್ದರೆ ಒಳಗಿನ ಉಕುಲೆಲೆ ಸುರಕ್ಷಿತವೇ? ಕೊಳ್ಳುವ ಮುನ್ನ ಇದನ್ನು ಓದಿ

"ಹಾರ್ಡ್ ಕೇಸ್ ತಗೊಳ್ಳಿ, ಮೇಲಿಂದ ಬಿದ್ದರೂ ವಾದ್ಯಕ್ಕೆ ಏನೂ ಆಗಲ್ಲ. ಕೇಸ್ ಭಾರ ಇದ್ದಷ್ಟೂ ಗಟ್ಟಿ. ಒಂದು ಸೈಜ್ ದೊಡ್ಡದೇ ಇರಲಿ, ಮುಂದೆ ಬೇಕಾಗುತ್ತೆ. ಒಳಗೆ ಒಂದು ಹಿಡಿ ಅಕ್ಕಿ ಹಾಕಿಡಿ, ಮಳೆಗಾಲದಲ್ಲಿ ತೊಂದರೆ ಇಲ್ಲ."

ಮಕ್ಕಳನ್ನು ಸಂಗೀತ ಕ್ಲಾಸಿಗೆ ಕಳಿಸುವ ಪಾಲಕರ ಗುಂಪಿನಲ್ಲಿದ್ದರೆ ಇಂತಹ ಸಲಹೆಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಕೇಳಲು ಎಲ್ಲವೂ ಸರಿ ಅನ್ನಿಸುತ್ತವೆ. ನನಗೂ ಅನ್ನಿಸಿದ್ದವು. ಚಿಕ್ಕೋಡಿಯಲ್ಲಿರುವ ಅಕ್ಕನ ಮಗಳಿಗೆ ಉಕುಲೆಲೆ ಕೊಡಿಸಿದಾಗ, ಅದಕ್ಕೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಕೊಟ್ಟು ಒಂದು ಹಾರ್ಡ್ ಕೇಸ್ ತಂದೆ. ಬೆಳೆಯುವ ಮಕ್ಕಳಿಗೆ ಬಟ್ಟೆ ತರುವ ಹಾಗೆ ಒಂದು ಸೈಜ್ ದೊಡ್ಡದನ್ನೇ ಆರಿಸಿದೆ.

ದೀಪಾವಳಿ ರಜೆ ಮುಗಿಸಿ ಅಥಣಿಯಿಂದ ವಾಪಸ್ ಹೋಗುವಾಗ ಬಸ್ಸಿನ ಮೇಲಿನ ಕಟ್ಟೆಯಲ್ಲಿಟ್ಟಿದ್ದ ಕೇಸ್, ಹಂಪ್ ಹಾರಿದ ರಭಸಕ್ಕೆ ಕೆಳಗೆ ಬಿತ್ತು. ರಾತ್ರಿ ಹುಡುಗಿ ಫೋನ್ ಮಾಡಿದಳು: "ಮಾಮಾ, ಪೆಟ್ಟಿಗಿಗೆ ಏನೂ ಆಗಿಲ್ಲ. ಒಳಗಿಂದ ಅಷ್ಟ ಮುರದೈತಿ."

ಪೆಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಉಕುಲೆಲೆಯ ತಲೆಭಾಗ ದಂಡಿಗೆ ಸೇರುವಲ್ಲಿ ಬಿರುಕು ಬಿಟ್ಟಿತ್ತು, ಒಂದು ಪಕ್ಕದ ಅಂಟು ಬಿಚ್ಚಿತ್ತು. ಯಾಕೆ ಹೀಗಾಯಿತು? ಒಂದೊಂದೇ ವಾದವನ್ನು ನೋಡೋಣ.

ವಾದ 1: ಹೊರಗಿನ ಚಿಪ್ಪು ಗಟ್ಟಿ ಇದ್ದರೆ ಸಾಕು

ವಾಸ್ತವ: ಅರ್ಧ ಸತ್ಯ.

ಹಾರ್ಡ್ ಕೇಸಿನ ಗಟ್ಟಿ ಚಿಪ್ಪು ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಮೇಲೆ ಭಾರ ಬಿದ್ದಾಗ, ಯಾರಾದರೂ ಕೂತಾಗ, ಚೂಪಾದ ವಸ್ತು ಚುಚ್ಚಿದಾಗ ಒಳಗಿನ ವಾದ್ಯವನ್ನು ಕಾಯುತ್ತದೆ. ಆದರೆ ಕೇಸೇ ಕೆಳಗೆ ಬಿದ್ದಾಗ ಲೆಕ್ಕ ಬೇರೆ.

ಬೀಳುವ ವಸ್ತುವಿಗೆ ಪೆಟ್ಟಾಗುವುದು ಅದು ಥಟ್ಟನೆ ನಿಂತಾಗ. ಎಷ್ಟು ಕಡಿಮೆ ದೂರದಲ್ಲಿ ನಿಲ್ಲುತ್ತದೋ ಪೆಟ್ಟು ಅಷ್ಟು ಜೋರು. 1 ಮೀಟರ್ ಎತ್ತರದಿಂದ ಬಿದ್ದ ವಸ್ತು ಬರೀ 1 ಮಿಲಿಮೀಟರ್ ಅಂತರದಲ್ಲಿ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು 1000 ಪಟ್ಟು. ಅದೇ ವಸ್ತು ಮೆತ್ತನೆಯ ಫೋಮ್ ಒಳಗೆ 2 ಸೆಂಟಿಮೀಟರ್ ಇಳಿದು ನಿಂತರೆ ಬಲ ಸುಮಾರು 50 ಪಟ್ಟಿಗೆ ಇಳಿಯುತ್ತದೆ. ಅರ್ಧ ಕಿಲೋ ತೂಕದ ಉಕುಲೆಲೆಗೆ ಇದನ್ನು ಅನ್ವಯಿಸಿ ನೋಡಿ: ಮೊದಲನೆಯದು 500 ಕಿಲೋ ಭಾರಕ್ಕೆ ಸಮ, ಎರಡನೆಯದು 25 ಕಿಲೋ ಭಾರಕ್ಕೆ ಸಮ.

ಗಟ್ಟಿ ಚಿಪ್ಪು ತಾನು ಬಗ್ಗುವುದಿಲ್ಲ. ಹಾಗಾಗಿ ಪೆಟ್ಟನ್ನು ನುಂಗದೆ ನೇರವಾಗಿ ಒಳಗೆ ದಾಟಿಸುತ್ತದೆ. ಆ ಪೆಟ್ಟನ್ನು ನುಂಗಬೇಕಾದದ್ದು ಒಳಗಿನ ಮೆತ್ತೆ.

ನಮ್ಮ ಅಥಣಿ ಕಡೆಯ ದ್ರಾಕ್ಷಿಯನ್ನೇ ನೆನಪಿಸಿಕೊಳ್ಳಿ. ಅಷ್ಟು ನಾಜೂಕಿನ ಹಣ್ಣು ದೂರದ ಊರುಗಳಿಗೆ ಹೋಗುವುದು ರಟ್ಟಿನ ಡಬ್ಬಿಯಲ್ಲಿ. ಗೊಂಚಲು ಅಲ್ಲಾಡದಂತೆ ಒತ್ತಾಗಿ ಜೋಡಿಸಿ, ಕಾಗದದ ಮೆತ್ತೆ ಇಟ್ಟು ಕಳಿಸುತ್ತಾರೆ. ಅದೇ ದ್ರಾಕ್ಷಿಯನ್ನು ಕಬ್ಬಿಣದ ಟ್ರಂಕಿನಲ್ಲಿ ಸುಮ್ಮನೆ ಸುರಿದು ಕಳಿಸಿದರೆ ಟ್ರಂಕ್ ಭದ್ರವಾಗಿ ತಲುಪುತ್ತದೆ, ಒಳಗೆ ದ್ರಾಕ್ಷಿ ರಸ ಇರುತ್ತದೆ.

ವಾದ 2: ಒಂದು ಸೈಜ್ ದೊಡ್ಡದು ತಗೊಂಡರೆ ಒಳ್ಳೆಯದು

ವಾಸ್ತವ: ತಪ್ಪು. ನಾನು ಮಾಡಿದ ತಪ್ಪು ಇದೇ.

ಉಕುಲೆಲೆ ಹವಾಯಿ ದ್ವೀಪಗಳ ವಾದ್ಯ. 1879ರಲ್ಲಿ ಪೋರ್ಚುಗಲ್‌ನ ಮಡೀರಾ ದ್ವೀಪದಿಂದ ಕೂಲಿ ಕೆಲಸಕ್ಕೆಂದು ಹಡಗಿನಲ್ಲಿ ಹೊನೊಲುಲುವಿಗೆ ಬಂದವರ ಪುಟ್ಟ ತಂತಿವಾದ್ಯದಿಂದ ಇದು ಬೆಳೆಯಿತು. ಇಂದು ನಾಲ್ಕು ಮುಖ್ಯ ಅಳತೆಗಳಲ್ಲಿ ಸಿಗುತ್ತದೆ: ಸೊಪ್ರಾನೊ (ಸುಮಾರು 21 ಇಂಚು), ಕಾನ್ಸರ್ಟ್ (23 ಇಂಚು), ಟೆನರ್ (26 ಇಂಚು), ಬ್ಯಾರಿಟೋನ್ (30 ಇಂಚು).

ಕಾನ್ಸರ್ಟ್ ಉಕುಲೆಲೆಯನ್ನು ಟೆನರ್ ಕೇಸಿನಲ್ಲಿಟ್ಟರೆ ಉದ್ದದಲ್ಲೇ ಸುಮಾರು 3 ಇಂಚು ಖಾಲಿ ಉಳಿಯುತ್ತದೆ. ಕೇಸ್ ಬಿದ್ದಾಗ ಮೊದಲು ಚಿಪ್ಪು ನಿಲ್ಲುತ್ತದೆ. ಒಳಗಿನ ವಾದ್ಯ ಮಾತ್ರ ಆ ಖಾಲಿ ಜಾಗದಲ್ಲಿ ಮುಂದೆ ಸಾಗಿ ಗೋಡೆಗೆ ಬಡಿಯುತ್ತದೆ. ಅಂದರೆ ಪೆಟ್ಟಿಗೆಯೊಳಗೆ ಇನ್ನೊಂದು ಅಪಘಾತ. ಬಸ್ಸಿನಲ್ಲಿ ಸೀಟಿನಿಂದ ಮುಂದಕ್ಕೆ ಎಸೆಯಲ್ಪಟ್ಟಾಗ ನಮಗಾಗುವುದೂ ಇದೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಜಾಗವಿದೆ: ದಂಡಿ. ಸರಿಯಾದ ಕೇಸಿನಲ್ಲಿ ದಂಡಿಯ ಕೆಳಗೆ ಒಂದು ದಿಂಬಿನಂತಹ ಆಸರೆ ಇರುತ್ತದೆ. ತಲೆಭಾಗ ಮತ್ತು ಶ್ರುತಿ ಬಿರಡೆಗಳು ಎಲ್ಲಿಯೂ ತಾಗದೆ ಖಾಲಿ ಜಾಗದಲ್ಲಿರುತ್ತವೆ. ಆಸರೆ ಇಲ್ಲದಿದ್ದರೆ, ಅಥವಾ ತಲೆಭಾಗವೇ ಕೇಸಿನ ತಳಕ್ಕೆ ತಾಗುತ್ತಿದ್ದರೆ, ಕೇಸ್ ಬೆನ್ನ ಮೇಲೆ ಬಿದ್ದಾಗ ಪೂರ್ತಿ ಪೆಟ್ಟು ದಂಡಿಯ ತುದಿಗೆ ಬೀಳುತ್ತದೆ. ಅಲ್ಲಿ ಮರ ತೆಳ್ಳಗಿರುತ್ತದೆ. ನಮ್ಮ ಮನೆಯ ಉಕುಲೆಲೆ ಬಿರುಕು ಬಿಟ್ಟದ್ದು ಅಲ್ಲಿಯೇ.

ಈ ಮಾತು ನಮ್ಮ ಭಾಗದವರಿಗೆ ಹೊಸದಲ್ಲ. ಕಾಗವಾಡದಿಂದ ಗಡಿ ದಾಟಿದರೆ ಮಿರಜ. ಅಲ್ಲಿ ತಯಾರಾಗುವ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ತಂಬೂರಿಯ ಕೆಳಭಾಗ ಒಣಗಿಸಿದ ಸೋರೆ ಬುರುಡೆ. ನೋಡಲು ದೊಡ್ಡದು, ಆದರೆ ಪೆಟ್ಟು ಬಿದ್ದರೆ ಮಡಕೆಯಂತೆ ಒಡೆಯುತ್ತದೆ. ಆದ್ದರಿಂದಲೇ ಈ ವಾದ್ಯಗಳ ಒಳ್ಳೆಯ ಪೆಟ್ಟಿಗೆಯಲ್ಲಿ ಬುರುಡೆ ಕೂರಲು ಅದರದ್ದೇ ಆಕಾರದ ಗುಳಿ, ಉದ್ದದ ದಂಡಿಗೆ ಆಸರೆ ಇರುತ್ತದೆ. ವಾದ್ಯ ಯಾವುದೇ ಇರಲಿ, ನಿಯಮ ಒಂದೇ: ಪೆಟ್ಟಿಗೆ ವಾದ್ಯಕ್ಕೆ ಹೊಂದಬೇಕು.

ವಾದ 3: ಭಾರ ಇದ್ದಷ್ಟೂ ಗಟ್ಟಿ

ವಾಸ್ತವ: ತಪ್ಪು. ತೂಕ ಮತ್ತು ಬಾಳಿಕೆ ಬೇರೆ ಬೇರೆ.

ಸಾಮಾನ್ಯವಾಗಿ ಸಿಗುವ ಕೇಸ್‌ಗಳು ನಾಲ್ಕು ಬಗೆ:

• ಪ್ಲೈವುಡ್: ಮೇಲೆ ರೆಕ್ಸಿನ್ ಹೊದಿಕೆ ಇರುತ್ತದೆ. ಅದುಮಿದರೆ ತಡೆಯುತ್ತದೆ. ಆದರೆ ಮೂಲೆಯ ಹೊದಿಕೆ ಹರಿದು ನೀರು ಒಳಗೆ ಇಳಿದರೆ ಪದರು ಬಿಡುತ್ತದೆ.

• ಎಬಿಎಸ್ ಪ್ಲಾಸ್ಟಿಕ್: ಸೂಟ್‌ಕೇಸ್‌ಗಳಲ್ಲಿ ಬಳಸುವ ಪ್ಲಾಸ್ಟಿಕ್ ಇದೇ. ಹಗುರ, ನೀರು ಹಿಡಿಯುವುದಿಲ್ಲ. ಸ್ವಲ್ಪ ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಪೆಡಸಾಗುತ್ತದೆ.

• ಫೈಬರ್‌ಗ್ಲಾಸ್: ತೂಕದ ಲೆಕ್ಕದಲ್ಲಿ ತುಂಬಾ ಗಟ್ಟಿ, ಬೆಲೆಯೂ ಹೆಚ್ಚು.

• ಗಟ್ಟಿ ಫೋಮ್ ಕೇಸ್: ಒತ್ತಿದ ಥರ್ಮಾಕೋಲಿನಂತಹ ದಪ್ಪ ಫೋಮ್, ಮೇಲೆ ಬಟ್ಟೆ. ತುಂಬಾ ಹಗುರ. ಬಿದ್ದ ಪೆಟ್ಟನ್ನು ಚೆನ್ನಾಗಿ ನುಂಗುತ್ತದೆ. ಆದರೆ ಮೇಲೆ ಭಾರದ ಸಾಮಾನು ಹೇರಿದರೆ ಚಿಪ್ಪಿನ ಕೇಸಿನಷ್ಟು ತಡೆಯುವುದಿಲ್ಲ.

ಕೇಸ್ ಹೊರುವುದು ಮಗು ಎಂಬುದನ್ನೂ ಮರೆಯಬೇಡಿ. ಭಾರದ ಪೆಟ್ಟಿಗೆ ಕೈಜಾರುವುದು ಬೇಗ, ಬಿದ್ದಾಗ ಪೆಟ್ಟೂ ಜೋರು.

ಹಾಗಾದರೆ ಬಾಳಿಕೆ ಎಲ್ಲಿದೆ? ಹೆಚ್ಚಾಗಿ ಮೊದಲು ಕೈಕೊಡುವುದು ಚಿಪ್ಪಲ್ಲ. ಹಿಡಿಕೆ, ಕೊಂಡಿ (ಲ್ಯಾಚ್), ಬಿಜಾಗರಿ, ಜಿಪ್. ಹಿಡಿಕೆಯನ್ನು ಬರೀ ಸಣ್ಣ ಮೊಳೆಯಿಂದ ಹೊಡೆದಿದ್ದಾರೋ ಅಥವಾ ಒಳಗೆ ಲೋಹದ ಪಟ್ಟಿ ಕೊಟ್ಟು ರಿವೆಟ್ ಹಾಕಿದ್ದಾರೋ ನೋಡಿ. ರಿವೆಟ್ ಸಡಿಲವಿದ್ದರೆ ಆ ಕೇಸ್ ಬೇಡ.

ವಾದ 4: ಕೇಸ್ ಒಳಗಿದ್ದರೆ ಬಿಸಿಲು-ಮಳೆಯ ಭಯವಿಲ್ಲ, ಅಕ್ಕಿ ಹಾಕಿದರೆ ಸಾಕು

ವಾಸ್ತವ: ತಪ್ಪು. ದುಬಾರಿ ತಪ್ಪು ಕೂಡ.

ಮೊದಲು ಬಿಸಿಲು. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿಗೂ ಹೆಚ್ಚು ತಾಪ ಏರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ರಾಯಬಾಗ, ಅಥಣಿ ಕಡೆ ಹೊರಗೇ 40 ಡಿಗ್ರಿ ಆಸುಪಾಸು ಇದ್ದಾಗ ಒಳಗೆ 60 ಡಿಗ್ರಿ ದಾಟುತ್ತದೆ. ತಂತಿವಾದ್ಯಗಳ ಮರ ಜೋಡಿಸಲು ಬಳಸುವ ಸಾಮಾನ್ಯ ಅಂಟುಗಳು ಹೆಚ್ಚುಕಡಿಮೆ ಇದೇ ತಾಪದಲ್ಲಿ ಬಿಗಿ ಕಳೆದುಕೊಳ್ಳಲು ಶುರುಮಾಡುತ್ತವೆ. ಆ ಹೊತ್ತಿನಲ್ಲಿ ತಂತಿಗಳು ಎಳೆಯುತ್ತಲೇ ಇರುತ್ತವೆ. ಮೊದಲು ಬ್ರಿಜ್ ಏಳುತ್ತದೆ, ಆಮೇಲೆ ದಂಡಿ ಬಾಗುತ್ತದೆ.

ಹಾರ್ಡ್ ಕೇಸ್ ಈ ಬಿಸಿಯನ್ನು ಸ್ವಲ್ಪ ಹೊತ್ತು ತಡಮಾಡುತ್ತದೆ ಅಷ್ಟೇ, ತಡೆಯುವುದಿಲ್ಲ. ಕಪ್ಪು ಬಣ್ಣದ ಕೇಸ್ ನೇರ ಬಿಸಿಲಿನಲ್ಲಿ ಇನ್ನೂ ಬೇಗ ಕಾಯುತ್ತದೆ. "ಐದು ನಿಮಿಷದಲ್ಲಿ ಬರ್ತೀನಿ" ಎಂದು ಸಂತೆಗೆ ಇಳಿದವರು ಒಂದು ಗಂಟೆ ಬಿಟ್ಟು ಬರುವುದು ನಮಗೆಲ್ಲ ಗೊತ್ತಿರುವುದೇ. ವಾದ್ಯವನ್ನು ಕೈಯಲ್ಲಿ ಹಿಡಿದೇ ಇಳಿಯಿರಿ.

ಇನ್ನು ತೇವಾಂಶ. ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮರದ ವಾದ್ಯಗಳಿಗೆ ಗಾಳಿಯ ತೇವಾಂಶ 45ರಿಂದ 55 ಪ್ರತಿಶತ ಇದ್ದರೆ ಒಳ್ಳೆಯದು ಎನ್ನುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಅದಕ್ಕಿಂತ ಒಣ, ಮಳೆಗಾಲದಲ್ಲಿ ಅದಕ್ಕಿಂತ ತೇವ. ಘಟ್ಟಕ್ಕೆ ಹತ್ತಿರದ ನಿಪ್ಪಾಣಿಗೂ ಒಣ ಬಯಲಿನ ಅಥಣಿಗೂ ಮಳೆಯಲ್ಲಿ ವ್ಯತ್ಯಾಸವಿದೆ. ಹಾಗಾಗಿ ಎಲ್ಲರಿಗೂ, ಎಲ್ಲ ಕಾಲಕ್ಕೂ ಒಂದೇ ಮದ್ದು ಹೊಂದುವುದಿಲ್ಲ.

ಅಕ್ಕಿ ತೇವ ಹೀರುವುದು ತೀರಾ ಕಡಿಮೆ ಮತ್ತು ನಿಧಾನ. ಮೇಲಾಗಿ ಅದರ ಹಿಟ್ಟು ವಾದ್ಯದೊಳಗೆ ಸೇರುತ್ತದೆ, ನುಸಿ-ಹುಳ ಬರುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಮಳೆಗಾಲದಲ್ಲಿ ಉಪಯುಕ್ತ, ಆದರೆ ಬೇಸಿಗೆಯಲ್ಲಿ ತೆಗೆದುಬಿಡಿ. ಈಗಾಗಲೇ ಒಣಗಿರುವ ಮರದ ಪಕ್ಕ ಒಣಗಿಸುವ ವಸ್ತು ಬೇಕಿಲ್ಲ. ಸಿಲಿಕಾ ಪೊಟ್ಟಣ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಮಳೆಯಲ್ಲಿ ನೆನೆದು ಬಂದರೆ ಕೇಸನ್ನು ತೆರೆದು, ವಾದ್ಯ ಹೊರಗಿಟ್ಟು, ಎರಡನ್ನೂ ನೆರಳಿನಲ್ಲಿ ಆರಿಸಿ. ಒದ್ದೆ ಕೇಸ್ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಅಂಗಡಿಯಲ್ಲಿ ಐದು ನಿಮಿಷದ ಪರೀಕ್ಷೆ

ನಿಮ್ಮ ಉಕುಲೆಲೆಯನ್ನು ಜೊತೆಗೇ ಒಯ್ಯಿರಿ. ಕೇಸಿನೊಳಗೆ ಇಟ್ಟು ಇಷ್ಟು ನೋಡಿ:

1. ವಾದ್ಯದ ಪಕ್ಕದಲ್ಲಿ ಬೆರಳು ಸುಲಭವಾಗಿ ತೂರುವಷ್ಟು ಸಂದು ಇರಬಾರದು. ಒತ್ತಿ ತುರುಕುವಂತೆಯೂ ಇರಬಾರದು.

2. ದಂಡಿಗೆ ಆಸರೆ ಇರಬೇಕು. ತಲೆಭಾಗ ತಳಕ್ಕೂ ತುದಿಗೂ ತಾಗಬಾರದು.

3. ಮುಚ್ಚಳ ಹಾಕುವಾಗ ಒತ್ತಡ ಕೊಡಬೇಕಾಗಿ ಬಂದರೆ ಅದು ತಂತಿ ಅಥವಾ ಬ್ರಿಜ್ ಅನ್ನು ಅದುಮುತ್ತಿದೆ ಎಂದರ್ಥ. ಬೇಡ.

4. ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಚೀಚೆ ವಾಲಿಸಿ. ಒಳಗೆ 'ಟಕ್' ಎಂಬ ಸದ್ದು ಬಂದರೆ ವಾದ್ಯ ಓಡಾಡುತ್ತಿದೆ.

5. ಫೋಮ್ ಅನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ತಕ್ಷಣ ಮೇಲೆ ಬರಬೇಕು. ಒತ್ತಿದಾಗ ಗಟ್ಟಿ ತಳ ಬೆರಳಿಗೆ ಸಿಕ್ಕರೆ ಮೆತ್ತೆ ಸಾಲದು.

6. ಕೊಂಡಿಗಳನ್ನು ಹತ್ತು ಸಲ ಹಾಕಿ ತೆಗೆಯಿರಿ. ಹಿಡಿಕೆ ಹಿಡಿದು ಜಗ್ಗಿ ನೋಡಿ.

ಆನ್‌ಲೈನ್‌ನಲ್ಲಿ ತರಿಸುವುದಾದರೆ "ಕಾನ್ಸರ್ಟ್ ಸೈಜ್" ಎಂಬ ಹೆಸರನ್ನಷ್ಟೇ ನಂಬಬೇಡಿ, ತಯಾರಕರ ನಡುವೆ ಅಳತೆ ಅಷ್ಟಿಷ್ಟು ಬದಲಾಗುತ್ತದೆ. ವಾದ್ಯದ ಒಟ್ಟು ಉದ್ದ, ಹೊಟ್ಟೆಯ ಅತಿ ಅಗಲದ ಜಾಗ, ದಪ್ಪ, ಈ ಮೂರನ್ನೂ ಟೇಪಿನಲ್ಲಿ ಅಳೆದು, ಕೇಸಿನ ಒಳ ಅಳತೆಯ ಜೊತೆ ಹೋಲಿಸಿ. ಹೊಟ್ಟೆ ಅನಾನಸ್ ಆಕಾರದ್ದಾಗಿದ್ದರೆ ಮಾಮೂಲಿ ಕೇಸ್ ಕೂರದೇ ಇರಬಹುದು. ಬಂದ ದಿನವೇ ಮೇಲಿನ ಪರೀಕ್ಷೆ ಮಾಡಿ, ಹೊಂದದಿದ್ದರೆ ವಾಪಸ್ ಕಳಿಸಿ.

ಈಗಾಗಲೇ ದೊಡ್ಡ ಕೇಸ್ ತಂದಿದ್ದರೆ?

ಎಸೆಯಬೇಕಿಲ್ಲ. ಹಳೆಯ ಮೆತ್ತನೆಯ ಕಾಟನ್ ಸೀರೆಯನ್ನು ಮಡಚಿ ದಂಡಿಯ ಕೆಳಗೆ ದಿಂಬು ಮಾಡಿ. ವಾದ್ಯದ ಬುಡಕ್ಕೂ ಪಕ್ಕಗಳಿಗೂ ಬಟ್ಟೆಯ ಸುರುಳಿ ಇಟ್ಟು ಸಂದು ತುಂಬಿ. ವಾಲಿಸಿದಾಗ ಸದ್ದು ನಿಂತರೆ ಸಾಕು. ನಮ್ಮ ಮನೆಯಲ್ಲಿ ಈಗ ಅದೇ ದೊಡ್ಡ ಕೇಸ್ ಇದೆ, ಒಳಗೆ ಅವ್ವನ ಹಳೆಯ ಸೀರೆಯ ಎರಡು ಸುರುಳಿಗಳಿವೆ. ಈ ಕೆಲಸ ಮೊದಲ ದಿನವೇ ಮಾಡಿದ್ದರೆ ದಂಡಿಯ ಮೇಲೆ ಅಂಟಿನ ಗೆರೆ ಇರುತ್ತಿರಲಿಲ್ಲ.

ಹಾಗೆಯೇ, ಎಲ್ಲರಿಗೂ ಹಾರ್ಡ್ ಕೇಸ್ ಬೇಕೇ ಬೇಕು ಅಂತಲ್ಲ. ಮಗು ಪಕ್ಕದ ಓಣಿಯ ಕ್ಲಾಸಿಗೆ ನಡೆದು ಹೋಗುತ್ತದೆ ಎಂದಾದರೆ, ದಪ್ಪ ಮೆತ್ತೆಯ, ಬೆನ್ನಿಗೆ ಹಾಕುವ ಚೀಲವೇ (ಗಿಗ್ ಬ್ಯಾಗ್) ಅನುಕೂಲ. ಬಸ್ಸು, ರೈಲಿನಲ್ಲಿ ಸಾಮಾನಿನ ಜೊತೆ ಇಡಬೇಕಾದವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಹಾರ್ಡ್ ಕೇಸ್ ಸಾರ್ಥಕ. ಆಗಲೂ ಸೀಟಿನ ಮೇಲಿನ ಕಟ್ಟೆಗಿಂತ ಕಾಲಿನ ಬಳಿ, ಅಥವಾ ತೊಡೆಯ ಮೇಲೆ ಇಡುವುದು ಲೇಸು. ಕೆಳಗಿರುವುದು ಬೀಳುವುದಿಲ್ಲ.

ಒಟ್ಟಿನಲ್ಲಿ

"ಹಾರ್ಡ್ ಕೇಸ್ ಇದ್ದರೆ ವಾದ್ಯಕ್ಕೆ ಏನೂ ಆಗಲ್ಲ" ಎಂಬ ಮಾತು ಪೂರ್ತಿ ನಿಜವಲ್ಲ. ಚಿಪ್ಪು ಭಾರವನ್ನು ತಡೆಯುತ್ತದೆ, ಮೆತ್ತೆ ಪೆಟ್ಟನ್ನು ತಡೆಯುತ್ತದೆ, ಬಿಸಿಲನ್ನು ತಡೆಯಬೇಕಾದವರು ನಾವು. ಮುಂದಿನ ಸಲ ಗುಂಪಿನಲ್ಲಿ ಆ ಮೆಸೇಜ್ ಬಂದಾಗ ಅದನ್ನೇ ಫಾರ್ವರ್ಡ್ ಮಾಡುವ ಬದಲು ಒಂದು ಸಾಲು ಬರೆಯಿರಿ: "ಮುಚ್ಚಿ, ವಾಲಿಸಿ ನೋಡಿ. ಒಳಗೆ ಸದ್ದು ಬಂದರೆ ಕೇಸ್ ಸರಿಯಿಲ್ಲ."