ಕೂಸಿನ ನಿದ್ದೆಗೆ ಒಂದು ಗಂಟೆಯ ಪೆಟ್ಟು

ಮಹಾರಾಷ್ಟ್ರದ ವೇರೂಳಿನಲ್ಲಿ, ಅಂದರೆ ಎಲ್ಲೋರಾದಲ್ಲಿ, ಜೂನ್ ಕೊನೆಯ ಹೊತ್ತಿಗೆ ಸೂರ್ಯ ಮುಳುಗುವುದು ಸಂಜೆ 7 ಗಂಟೆ 10 ನಿಮಿಷದ ಆಸುಪಾಸಿನಲ್ಲಿ. ನವೆಂಬರ್ ಕೊನೆಗೆ ಬಂದರೆ ಪೌಣೆ ಆರಕ್ಕೇ ಮುಳುಗಿರುತ್ತಾನೆ. ಒಂದೂಕಾಲು ಗಂಟೆಗೂ ಮಿಕ್ಕಿದ ಅಂತರ. ಆದರೂ ಘೃಷ್ಣೇಶ್ವರ ಗುಡಿಯ ಸುತ್ತಿನ ಮನೆಗಳಲ್ಲಿ ಚಳಿಗಾಲ ಬಂತೆಂದು ಕೂಸುಗಳ ನಿದ್ದೆ ತಲೆಕೆಳಗಾಗುವುದಿಲ್ಲ. ಸೂರ್ಯ ಈ ಅಂತರವನ್ನು ಐದು ತಿಂಗಳಿಗೆ ಹಂಚಿಕೊಡುತ್ತಾನೆ. ದಿನಕ್ಕೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಅಷ್ಟನ್ನು ಯಾವ ಮಗುವಾದರೂ ಗೊತ್ತಿಲ್ಲದೆಯೇ ಅರಗಿಸಿಕೊಳ್ಳುತ್ತದೆ.

ಹೆಚ್ಚುಕಡಿಮೆ ಅಷ್ಟೇ ಅಂತರವನ್ನು ಲಂಡನ್ನಿನ, ನ್ಯೂಜೆರ್ಸಿಯ ಕನ್ನಡ ಮನೆಗಳ ಕೂಸುಗಳು ಒಂದೇ ರಾತ್ರಿಯಲ್ಲಿ ನುಂಗಬೇಕು. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ನಮ್ಮಲ್ಲೂ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಬ್ರಿಟಿಷರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಆಮೇಲೆ ಆ ಗೋಜು ನಮಗಿಲ್ಲ. ಹಾಗಾಗಿಯೇ ಬಾಣಂತನಕ್ಕೆಂದು ಹೋದ ಅಜ್ಜಿಯರಿಗೆ ಅಲ್ಲಿನ ಈ ಪದ್ಧತಿ ಅರ್ಥವಾಗುವುದಿಲ್ಲ. ಗಡಿಯಾರ ಹಿಂದೆ ಬಂದ ಮೇಲೆ, ಮೊನ್ನೆಯವರೆಗೆ ಬೆಳಿಗ್ಗೆ ಆರಕ್ಕೆ ಕಣ್ಣು ಬಿಡುತ್ತಿದ್ದ ಮೊಮ್ಮಗು ಐದಕ್ಕೇ ಎದ್ದು ಕೂತರೆ ಹಲ್ಲು ಬರುತ್ತಿರಬೇಕು, ದೃಷ್ಟಿ ತಾಗಿರಬೇಕು ಎಂದು ಗಾಬರಿಯಾಗುತ್ತಾರೆ. ಮಗುವಿಗೆ ಏನೂ ಆಗಿಲ್ಲ. ಅದರ ಮೈಗೆ ಅದು ಇನ್ನೂ ಆರು ಗಂಟೆಯೇ.

ಆಗತಾನೆ ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಭೇದವಿಲ್ಲ. ಎರಡು ಮೂರು ತಿಂಗಳು ತುಂಬುವ ಹೊತ್ತಿಗೆ ಮೆಲಟೋನಿನ್ ಎಂಬ ಹಾರ್ಮೋನು ಕತ್ತಲಾದ ಮೇಲೆ ಏರುವ ಲಯ ಮೈಗೂಡುತ್ತದೆ. ಅದಕ್ಕೆ ಮುಂಚಿನ ಶಿಶುಗಳ ವಿಷಯದಲ್ಲಿ ಏನೂ ಮಾಡಬೇಕಿಲ್ಲ. ಹಸಿದಾಗ ಹಾಲು, ದಣಿದಾಗ ನಿದ್ದೆ. ತೊಂದರೆ ಆರು ತಿಂಗಳಿನಿಂದ ಮೂರು ನಾಲ್ಕು ವರ್ಷದವರೆಗಿನವರದು. ಲಯ ಗಟ್ಟಿಯಾಗಿರುತ್ತದೆ, ಆದರೆ ಆ ಲಯಕ್ಕೆ ದಾರಿ ತೋರಿಸುವುದು ಗೋಡೆಯ ಗಡಿಯಾರವಲ್ಲ, ಕಣ್ಣಿಗೆ ಬೀಳುವ ಬೆಳಕು.

ಬೆಳಕಿನ ಈ ಹಿಡಿತ ಎಂಥದ್ದೆಂದು ವೇರೂಳಿನ ಹತ್ತನೇ ಗುಹೆಯಲ್ಲೇ ನೋಡಿದ್ದೇನೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕೈಲಾಸವೂ ಸೇರಿ ಇಲ್ಲಿನ ಗುಹೆಗಳು ಪಡುವಣಕ್ಕೆ ಮುಖ ಮಾಡಿವೆ. ಬೆಳಿಗ್ಗೆ ನೆರಳು, ಮಧ್ಯಾಹ್ನ ಕಳೆದ ಮೇಲೆ ನೇರ ಬಿಸಿಲು. ಒಳಗೆ ಸ್ತೂಪದ ಪಕ್ಕದ ಮಬ್ಬಿನಲ್ಲಿ ತಾಯಿಯೊಬ್ಬಳ ಹೆಗಲ ಮೇಲೆ ವರ್ಷದ ಕೂಸು ಬಾಯಿ ತೆರೆದುಕೊಂಡು ಮಲಗಿತ್ತು. ಪ್ರವಾಸಿಗರ ಮಾತು, ಚಪ್ಪಾಳೆ ಹೊಡೆದು ಪ್ರತಿಧ್ವನಿ ಕೇಳುವ ಹುಡುಗರ ಗಲಾಟೆ, ಯಾವುದಕ್ಕೂ ಅದು ಎಚ್ಚರಾಗಲಿಲ್ಲ. ಅವಳು ಬಾಗಿಲು ದಾಟಿ ಬಿಸಿಲಿಗೆ ಬಂದಳು. ಕೂಸಿನ ರೆಪ್ಪೆ ಬಿಗಿಯಿತು, ಮುಷ್ಟಿ ಕಣ್ಣಿಗೆ ಹೋಯಿತು, ನಿದ್ದೆ ಮುಗಿಯಿತು.

ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿದ್ದ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಮೆಲಟೋನಿನ್ ಸುಮಾರು ಶೇ 88ರಷ್ಟು ಕುಸಿದಿತ್ತು. ಅಧ್ಯಯನಕ್ಕೆ ಒಳಗಾದ ಮಕ್ಕಳು ಕೆಲವೇ ಮಂದಿ ಎಂಬುದು ನಿಜ. ಆದರೂ ಸಂಜೆ ಟಿ.ವಿ., ಮೊಬೈಲು, ಟ್ಯೂಬ್‌ಲೈಟು ಎಲ್ಲ ಉರಿಯುತ್ತಿರುವ ಕೋಣೆಯಲ್ಲಿ ಕೂಸನ್ನು ತಟ್ಟಿ ತಟ್ಟಿ ಕೈಸೋತವರಿಗೆ ಈ ಫಲಿತಾಂಶ ಅಚ್ಚರಿಯೆನಿಸದು.

ಹಾಗಾದರೆ ಮಾಡುವುದೇನು? ವೇರೂಳಿನ ಸೂರ್ಯ ಮಾಡುವುದನ್ನೇ: ಹಂಚುವುದು. ಅಕ್ಟೋಬರ್-ನವೆಂಬರ್ ಬದಲಾವಣೆಗೆ ಐದಾರು ದಿನ ಮೊದಲಿನಿಂದ ದಿನಕ್ಕೆ ಹತ್ತು ಹನ್ನೆರಡು ನಿಮಿಷದಂತೆ ಎಲ್ಲವನ್ನೂ ತಡಮಾಡುತ್ತ ಬನ್ನಿ. ಎಲ್ಲವನ್ನೂ ಎಂದರೆ ಎಣ್ಣೆ ಹಚ್ಚಿ ಎರೆಯುವುದು, ಊಟ, ಮಧ್ಯಾಹ್ನದ ನಿದ್ದೆ, ಜೋಗುಳ. ರಾತ್ರಿ ಮಲಗಿಸುವ ಹೊತ್ತೊಂದನ್ನೇ ಎಳೆದರೆ ಮಗು ಹಸಿದು, ದಣಿದು ರಚ್ಚೆ ಹಿಡಿಯುತ್ತದೆ. ಸಂಜೆ ಇನ್ನೂ ಬೆಳಕಿರುವಾಗ ಹೊರಗೆ ಆಡಿಸಿ. ಬೆಳಿಗ್ಗೆ ಬೇಗ ಎದ್ದರೆ ದೀಪ ಹಾಕಬೇಡಿ, ಮಾತೂ ಕಡಿಮೆ ಇರಲಿ.

ಮಾರ್ಚ್ ಬದಲಾವಣೆ ಇನ್ನೂ ಕಷ್ಟ. ನಿದ್ದೆ ಬಾರದ ಮಗುವನ್ನು ಬೇಗ ಮಲಗಿಸಲು ಯಾರಿಂದಲೂ ಆಗದು; ಬೇಗ ಎಬ್ಬಿಸಲು ಆಗುತ್ತದೆ. ಆದ್ದರಿಂದ ಶುರು ಮಾಡಬೇಕಾದದ್ದು ಬೆಳಗಿನಿಂದ. ದಿನವೂ ಸ್ವಲ್ಪ ಮುಂಚೆ ಪರದೆ ಸರಿಸಿ ಬೆಳಕಿಗೆ ತನ್ನಿ, ಸಂಜೆ ದೀಪ ತಗ್ಗಿಸಿ. ಲಂಡನ್ನಿನಲ್ಲಿ ಜೂನ್ ಹೊತ್ತಿಗೆ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗಿರುವುದಿಲ್ಲ. ಪಡುವಣದ ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು. ಪರದೆ ಕಿಟಕಿಗೆ, ತೊಟ್ಟಿಲಿಗಲ್ಲ. ತೊಟ್ಟಿಲ ಮೇಲೆ ಬಟ್ಟೆ ಹೊದಿಸಿದರೆ ಗಾಳಿಯಾಡದು. ಮುಂಚೆ ಏನೂ ಮಾಡಲಾಗದಿದ್ದರೂ ಗಾಬರಿ ಬೇಡ, ಒಂದು ವಾರದೊಳಗೆ ಬಹಳಷ್ಟು ಮಕ್ಕಳು ತಾವೇ ಸರಿಹೋಗುತ್ತಾರೆ. ಆದರೆ ನಿದ್ದೆ ಬರಲೆಂದು ನೆಗಡಿಯ ಸಿರಪ್ಪನ್ನು, ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮೆಲಟೋನಿನ್ ಮಿಠಾಯಿಯನ್ನು ವೈದ್ಯರನ್ನು ಕೇಳದೆ ಯಾವ ಕಾರಣಕ್ಕೂ ಕೊಡಬಾರದು.

ಇನ್ನು ಊರಿನಿಂದ ಬರುವ ಕರೆ. ಬೆಂಗಳೂರಿನ ರಾತ್ರಿ ಎಂಟು ಲಂಡನ್ನಿನಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಮೂರೂವರೆ, ಚಳಿಗಾಲದಲ್ಲಿ ಎರಡೂವರೆ. ಚಳಿಗಾಲದಲ್ಲೂ ಅಜ್ಜಿ ಎಂದಿನಂತೆ ಎಂಟಕ್ಕೇ ವಿಡಿಯೊ ಕರೆ ಮಾಡಿದರೆ ಅದು ನೇರ ಮೊಮ್ಮಗುವಿನ ಮಧ್ಯಾಹ್ನದ ನಿದ್ದೆಯ ಮೇಲೆ ಬಂದು ಬೀಳುತ್ತದೆ. ಅಜ್ಜಿ ಒಂಬತ್ತಕ್ಕೆ ಕರೆ ಮಾಡಿದರೆ ಸಾಕು.

ಬದಲಾವಣೆಯನ್ನು ಹೀಗೆ ದಿನಕ್ಕಿಷ್ಟೆಂದು ಹಂಚಿಕೊಳ್ಳುವ ಅನುಕೂಲ ಇಲ್ಲದ ಕೂಸುಗಳು ವಿದೇಶದಲ್ಲಿಲ್ಲ, ಇಲ್ಲೇ ಇವೆ. ದಸರೆ, ದೀಪಾವಳಿ ಕಳೆಯುತ್ತಲೇ ಮರಾಠವಾಡದ ಬೀಡ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಕಬ್ಬು ಕಡಿಯುವ ಜೋಡಿಗಳು ಪಶ್ಚಿಮ ಮಹಾರಾಷ್ಟ್ರಕ್ಕೆ, ನಮ್ಮ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂಬ ಲೆಕ್ಕ. ಊರಿನಲ್ಲಿ ಸೂರ್ಯನೊಂದಿಗೆ ಏಳುತ್ತಿದ್ದ ತಾಯಿ ಇಲ್ಲಿ ಬೆಳಗಿನ ಜಾವ ಮೂರು ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದು ಗದ್ದೆಗೆ ನಡೆಯಬೇಕು. ಕೂಸು ಕಂಕುಳಲ್ಲಿ. ಅದರ ಮಿಕ್ಕ ನಿದ್ದೆ ಚಳಿಯಲ್ಲಿ, ಸೀರೆಯ ಜೋಲಿಯಲ್ಲಿ, ಕಬ್ಬಿನ ಸೋಗೆಯ ಪಕ್ಕದಲ್ಲಿ. ಲೋಡು ಏರಿಸಲು ಟ್ರ್ಯಾಕ್ಟರ್ ರಾತ್ರಿ ಬಂದರೆ ಆಗಲೂ ಎಚ್ಚರ. ಸರ್ಕಾರ ಗಡಿಯಾರ ಮುಟ್ಟದಿದ್ದರೂ ಹಂಗಾಮು ಈ ಮಕ್ಕಳ ಗಡಿಯಾರವನ್ನು ರಾತ್ರೋರಾತ್ರಿ ತಿರುಗಿಸುತ್ತದೆ, ಒಂದು ಗಂಟೆಯಲ್ಲ, ಎರಡು ಮೂರು ಗಂಟೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗದ್ದೆಯ ಬದುವಿನಲ್ಲಿ ಅದು ಎಲ್ಲಿಂದ ಸಿಗಬೇಕು?

ಉದ್ಯೋಗ ಖಾತರಿಗೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದೆ. ಅಂಥದ್ದೇ ಮನೆಗಳು ಸಕ್ಕರೆ ಕಾರ್ಖಾನೆಗಳ ಬಳಿ ಕಬ್ಬು ಕಡಿಯುವವರು ಹಾಕಿಕೊಳ್ಳುವ ಗುಡಿಸಲುಗಳ ನಡುವೆ ಆಗಬೇಕು. ಕಚೇರಿ ವೇಳೆಗಲ್ಲ, ಬೆಳಗಿನ ಜಾವ ಮೂರಕ್ಕೇ ಅವುಗಳ ಬಾಗಿಲು ತೆರೆಯಬೇಕು, ಬೆಚ್ಚನೆಯ ಹಾಸಿಗೆಯೂ ದೀಪವಾರಿಸಿದ ಕೋಣೆಯೂ ಇರಬೇಕು, ಮರಾಠಿ ಬಲ್ಲ ಆಯಾ ಒಬ್ಬಳಿರಬೇಕು. ಹಂಗಾಮು ಶುರುವಾಗುವ ತಾರೀಖು ಎರಡೂ ಸರ್ಕಾರಗಳಿಗೆ, ಕಾರ್ಖಾನೆಗಳಿಗೆ ಮೊದಲೇ ಗೊತ್ತಿರುತ್ತದೆ.