ಹಳೆಯ ನಾದಕ್ಕೆ ಹೊಸ ಒಡಲು

ನಮ್ಮ ಶಾಲೆಗಳಲ್ಲಿ ‘ಕಾಪಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ‘ಕಾಪಿ ಬರೆಯುವುದು’ ಎಂದರೆ ಮೇಲ್ಪಂಕ್ತಿಯನ್ನು ನೋಡಿ, ಅದರ ಕೆಳಗೆ ಅದರಂತೆಯೇ ಬರೆದು ಬರೆದು ಅಕ್ಷರವನ್ನು ದುಂಡಗೆ ಮಾಡಿಕೊಳ್ಳುವುದು. ‘ಕಾಪಿ ಹೊಡೆಯುವುದು’ ಎಂದರೆ ನೆರೆಯವನ ಉತ್ತರವನ್ನು ಕದ್ದು ತನ್ನದೆಂದು ತೋರುವುದು. ಮೊದಲನೆಯದಕ್ಕೆ ಉಪಾಧ್ಯಾಯರು ಬೆನ್ನು ತಟ್ಟುತ್ತಾರೆ. ಎರಡನೆಯದಕ್ಕೆ ಕೋಣೆಯಿಂದ ಹೊರಗೆ ಕಳುಹಿಸುತ್ತಾರೆ. ನೋಡುವ ಕಣ್ಣಿಗೆ ಎರಡೂ ಒಂದೇ ಕೆಲಸ. ಇದ್ದುದನ್ನು ಇದ್ದಂತೆಯೇ ಇನ್ನೊಮ್ಮೆ ಮಾಡುವುದು. ಆದರೆ ಒಂದು ವಿದ್ಯೆ, ಇನ್ನೊಂದು ವಂಚನೆ.

ಈ ಭೇದವನ್ನು ಮನಸ್ಸಿನಲ್ಲಿರಿಸಿಕೊಂಡು ನಾವು ಇಂದು ದೂರದೇಶದ ಒಂದು ಕುಶಲಕಲೆಯನ್ನು ವಾಚಕರಿಗೆ ಪರಿಚಯಿಸಬಯಸುತ್ತೇವೆ. ಅಮೆರಿಕ, ಜಪಾನ್, ಜರ್ಮನಿ ಮೊದಲಾದ ದೇಶಗಳಲ್ಲಿ ಕೆಲವು ಕುಶಲಿಗಳು ೧೯೫೦ ಮತ್ತು ೧೯೬೦ರ ದಶಕಗಳ ವಿದ್ಯುತ್ ಬೇಸ್ ಗಿಟಾರುಗಳನ್ನು, ಒಂದು ತಿರುಪುಮೊಳೆಯಷ್ಟೂ ವ್ಯತ್ಯಾಸವಾಗದಂತೆ, ಈಗ ಹೊಸದಾಗಿ ನಿರ್ಮಿಸುತ್ತಿದ್ದಾರೆ. ಇದು ಯಾವ ಬಗೆಯ ಕಾಪಿ?

ರೇಡಿಯೋ ರಿಪೇರಿಯವನ ವಾದ್ಯ

ಬೇಸ್ ಗಿಟಾರ್ ಎಂಬ ಹೆಸರು ನಮ್ಮ ಮನೆಗಳಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲದಿದ್ದರೂ ಅದರ ನಾದ ಯಾರಿಗೂ ಅಪರಿಚಿತವಲ್ಲ. ಚಲನಚಿತ್ರ ಗೀತೆಯನ್ನು ಕೇಳುವಾಗ ಗಾಯಕರ ದನಿ, ಪಿಟೀಲು, ತಾಳವಾದ್ಯಗಳ ಅಡಿಯಲ್ಲಿ ಗಂಭೀರವಾದ ಒಂದು ಮಂದ್ರಸ್ವರ ಹೆಜ್ಜೆಯಿಡುತ್ತ ಸಾಗುತ್ತದಲ್ಲವೆ? ಅನೇಕ ಗೀತೆಗಳಲ್ಲಿ ಅದು ಈ ವಾದ್ಯದ ಸ್ವರ. ಇದಕ್ಕೆ ನಾಲ್ಕೇ ತಂತಿಗಳು. ಶ್ರುತಿ ಸಾಧಾರಣ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ.

ಇದಕ್ಕೆ ಮೊದಲು ಪಾಶ್ಚಾತ್ಯ ವಾದ್ಯಮೇಳಗಳಲ್ಲಿ ಆ ಕಾರ್ಯವನ್ನು ಮಾಡುತ್ತಿದ್ದುದು ಆಳೆತ್ತರದ, ನಿಂತು ನುಡಿಸಬೇಕಾದ ಡಬಲ್ ಬೇಸ್. ಅದನ್ನು ಊರಿಂದೂರಿಗೆ ಹೊರುವುದು ಪ್ರಯಾಸ. ನಗಾರಿ ಕಹಳೆಗಳ ಗದ್ದಲದಲ್ಲಿ ಅದರ ದನಿ ಕೇಳಿಸುವುದೂ ಕಷ್ಟ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಿಂದ ಜೀವನ ಆರಂಭಿಸಿದ ಲಿಯೋ ಫೆಂಡರ್ (೧೯೦೯–೧೯೯೧) ಈ ತೊಡಕನ್ನು ಬಿಡಿಸಿದರು. ೧೯೫೧ರಲ್ಲಿ ಅವರ ಕಾರ್ಖಾನೆಯಿಂದ ‘ಪ್ರಿಸಿಷನ್ ಬೇಸ್’ ಹೊರಬಂದಿತು. ಟೊಳ್ಳಿಲ್ಲದ ಗಟ್ಟಿ ಮರದ ಒಡಲು. ಮೇಪಲ್ ಮರದ ದಂಡಿ. ನುಡಿಯುವ ತಂತಿಯ ಉದ್ದ ೩೪ ಅಂಗುಲ. ದಂಡಿಯ ಮೇಲೆ ನಮ್ಮ ವೀಣೆಗಿರುವಂತೆ ಲೋಹದ ಮೆಟ್ಟಿಲುಗಳು. ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನ ತಪ್ಪುವಂತಿಲ್ಲ. ಕರಾರುವಾಕ್ಕು ಎಂಬರ್ಥದ ‘ಪ್ರಿಸಿಷನ್’ ಎಂಬ ಹೆಸರು ಬಂದುದು ಅದರಿಂದಲೇ. ಇಂಥ ವಾದ್ಯವನ್ನು ನಿರ್ಮಿಸಿದ ಫೆಂಡರರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ನುಡಿಸುವವರು ಹೇಳಿದ ಕಷ್ಟಸುಖಗಳನ್ನು ಕೇಳಿ ಕೇಳಿ ಅವರು ವಾದ್ಯವನ್ನು ತಿದ್ದುತ್ತಿದ್ದರು.

೧೯೬೫ರ ಜನವರಿಯಲ್ಲಿ ಫೆಂಡರ್ ತಮ್ಮ ಸಂಸ್ಥೆಯನ್ನು ಸಿ.ಬಿ.ಎಸ್. ಎಂಬ ಬೃಹತ್ ಸಂಸ್ಥೆಗೆ ೧೩೦ ಲಕ್ಷ ಡಾಲರುಗಳಿಗೆ ಮಾರಿದರು. ಅನಂತರ ತಯಾರಿ ಹೆಚ್ಚಿತು, ಗುಣ ತಗ್ಗಿತು ಎಂಬ ಭಾವನೆ ಸಂಗೀತಗಾರರಲ್ಲಿ ಬೇರೂರಿತು. ಆ ಮಾರಾಟಕ್ಕಿಂತ ಮೊದಲಿನ ವಾದ್ಯಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಟೋಕಾಯ್, ಗ್ರೆಕೋ, ಫರ್ನಾಂಡಿಸ್ ಮೊದಲಾದ ಹೆಸರುಗಳ ವಾದ್ಯಗಳು ಹಳೆಯ ಮಾದರಿಗಳನ್ನು ಎಷ್ಟು ಶ್ರದ್ಧೆಯಿಂದ ಅನುಸರಿಸಿದುವೆಂದರೆ, ಮೂಲ ಸಂಸ್ಥೆಯೇ ಎಚ್ಚೆತ್ತು ೧೯೮೨ರಲ್ಲಿ ಜಪಾನಿನಲ್ಲಿ ತನ್ನ ಶಾಖೆಯನ್ನು ತೆರೆಯಿತು. ತನ್ನ ೧೯೫೭ ಮತ್ತು ೧೯೬೨ರ ಮಾದರಿಗಳನ್ನು ತಾನೇ ಮರಳಿ ನಿರ್ಮಿಸತೊಡಗಿತು. ಹೀಗೆ ಕಾಪಿ ಬರೆದ ವಿದ್ಯಾರ್ಥಿಯಿಂದ ಗುರುವಿಗೇ ತನ್ನ ಹಳೆಯ ಅಕ್ಷರ ನೆನಪಾಯಿತು!

ಕೂದಲೆಳೆಯ ಲೆಕ್ಕ

ನಿಷ್ಠೆಯ ಪ್ರತಿಕೃತಿ ಎಂದರೆ ಬರಿಯ ಆಕಾರದ ಅನುಕರಣವಲ್ಲ. ೧೯೬೨ರ ವಾದ್ಯವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಶಲಿಯು ಮೊದಲು ಮೂಲ ವಾದ್ಯವನ್ನು ಬಿಚ್ಚಿ, ಒಡಲಿನ ಅಂಚನ್ನು ಕಾಗದದ ಮೇಲೆ ಪಡಿಮೂಡಿಸಿ, ದಂಡಿಯ ದಪ್ಪವನ್ನು ಮೆಟ್ಟಿಲು ಮೆಟ್ಟಿಲಿಗೂ ಅಳೆದುಕೊಳ್ಳುತ್ತಾನೆ. ಬೆರಳೊತ್ತುವ ಪಟ್ಟಿ ಸಪಾಟಾಗಿರದೆ ಏಳೂಕಾಲು ಅಂಗುಲ ತ್ರಿಜ್ಯದ ವೃತ್ತದ ತುಣುಕಿನಂತೆ ಬಾಗಿರುತ್ತದೆ. ತಂತಿಗಳ ಎಳೆತಕ್ಕೆ ದಂಡಿ ಬಾಗದಿರಲು ಅದರೊಳಗೆ ಉಕ್ಕಿನ ಸರಳೊಂದು ಹುದುಗಿರುತ್ತದೆ. ಇವೆಲ್ಲವೂ ಅಳತೆಗೆ ಸಿಗುವ ಸಂಗತಿಗಳು.

ಅನಂತರ ವಾದ್ಯದ ಹೃದಯವೆನ್ನಬಹುದಾದ ‘ಪಿಕಪ್’ ಎಂಬ ಸಣ್ಣ ಸಾಧನ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡ ಪಾಠವನ್ನು ನಮ್ಮ ಮಕ್ಕಳು ವಿಜ್ಞಾನ ಪುಸ್ತಕದಲ್ಲಿ ಓದುತ್ತಾರೆ. ಇಲ್ಲಿ ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಕಂಪಿಸುತ್ತದೆ. ಆ ಕಂಪನದಿಂದ ಸುರುಳಿಯಲ್ಲಿ ಹುಟ್ಟಿದ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಸುರುಳಿಯ ತಾಮ್ರದೆಳೆ ನಮ್ಮ ತಲೆಗೂದಲಿನಷ್ಟೇ ಸಪುರ. ಸುತ್ತುಗಳು ಸುಮಾರು ೧೦,೦೦೦. ೧೯೫೭ರಿಂದ ಪ್ರಿಸಿಷನ್ ಬೇಸಿನಲ್ಲಿ ಎರಡೆರಡು ತಂತಿಗಳಿಗೆ ಒಂದರಂತೆ ಎರಡು ಸುರುಳಿಗಳು. ಅವುಗಳ ಸುತ್ತೂ ಅಯಸ್ಕಾಂತದ ಮುಖವೂ ಪರಸ್ಪರ ವಿರುದ್ಧ. ಇದರಿಂದ ಹೊರಗಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಒಂದಕ್ಕೊಂದು ವಜಾ ಆಗಿ, ತಂತಿಯ ನಾದ ಮಾತ್ರ ಉಳಿಯುತ್ತದೆ. ಆ ಕಾಲದಲ್ಲಿ ಎಳೆಯನ್ನು ಕೈಯಲ್ಲಿ ಹಿಡಿದು ಸುರುಳಿಗೆ ಊಡುತ್ತಿದ್ದುದರಿಂದ ಸುತ್ತುಗಳು ಒಂದೇ ಸಮನೆ ಬೀಳುತ್ತಿರಲಿಲ್ಲ. ಇಂದಿನ ಕುಶಲಿಯೂ ಯಂತ್ರದ ಅಚ್ಚುಕಟ್ಟನ್ನು ಬಿಟ್ಟು, ಬೇಕೆಂದೇ ಕೈಯಿಂದ ಎಳೆ ಹಿಡಿದು ಆ ಅಸಮತೆಯನ್ನೇ ಸಾಧಿಸುತ್ತಾನೆ.

ಮೂರನೆಯದು ಮೈಬಣ್ಣ. ಹಳೆಯ ವಾದ್ಯಗಳಿಗೆ ನೈಟ್ರೋಸೆಲ್ಯುಲೋಸ್ ಎಂಬ ತೆಳ್ಳನೆಯ ಮೆರುಗೆಣ್ಣೆ ಬಳಿಯುತ್ತಿದ್ದರು. ಕಾಲ ಕಳೆದಂತೆ ಅದು ಹಳದಿಗೆ ತಿರುಗುತ್ತದೆ. ಚಳಿಗೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಕೈ ಊರುವಲ್ಲಿ ಸವೆಯುತ್ತದೆ. ೧೯೯೫ರಲ್ಲಿ ಮೂಲ ಸಂಸ್ಥೆಯೇ ಹೊಸ ವಾದ್ಯವನ್ನು ಹೀಗೆ ಹಳತಾಗಿಸಿ ಮಾರತೊಡಗಿತು. ಹವ್ಯಾಸಿಗಳು ಬಿಳಿಯ ಪ್ಲಾಸ್ಟಿಕ್ ಭಾಗಗಳನ್ನು ಕಾಫಿಯ ಡಿಕಾಕ್ಷನ್ನಿನಲ್ಲಿ ನೆನೆಯಿಟ್ಟು ಮಾಸಿದ ಬಣ್ಣ ತರುವುದೂ ಉಂಟು. ಬಣ್ಣ ಬಳಿಯುವಾಗ ಒಡಲನ್ನು ಮೇಜಿನಿಂದ ಎತ್ತಿ ಹಿಡಿಯಲು ಫೆಂಡರ್ ಕಾರ್ಖಾನೆಯವರು ಸಣ್ಣ ಮೊಳೆಗಳನ್ನು ಹೊಡೆಯುತ್ತಿದ್ದರು. ಆ ಮೊಳೆಗಳ ತೂತುಗಳನ್ನೂ ಇಂದಿನವರು ಅದೇ ಸ್ಥಳದಲ್ಲಿ ಮಾಡುತ್ತಾರೆಂದರೆ ಅವರ ಶ್ರದ್ಧೆಯನ್ನು ಊಹಿಸಬಹುದು.

ಒಂದು ಎಚ್ಚರಿಕೆಯ ಮಾತು. ಈ ಮೆರುಗೆಣ್ಣೆಯೂ ಹಳೆಯ ಸೆಲ್ಯುಲಾಯ್ಡ್ ತಗಡೂ ಬೇಗ ಬೆಂಕಿ ಹಿಡಿಯುವ ವಸ್ತುಗಳು; ಲೋಹಕ್ಕೆ ತುಕ್ಕು ತರಿಸಲು ಬಳಸುವ ಆಮ್ಲದ ಹೊಗೆ ಶ್ವಾಸಕೋಶಕ್ಕೆ ಹಾನಿಕರ. ಕುತೂಹಲದಿಂದ ಮನೆಯಲ್ಲಿ ಇದನ್ನು ಪ್ರಯೋಗಿಸುವುದು ಬೇಡವೆಂದು ತರುಣ ವಾಚಕರಲ್ಲಿ ನಮ್ಮ ವಿನಂತಿ.

ನಮ್ಮ ಮಲೆಯ ಬೀಟೆ

ಈ ದೂರದ ಕಥೆಗೆ ನಮ್ಮ ನಾಡಿನ ನಂಟೂ ಒಂದಿದೆ. ೧೯೫೯ರಿಂದ ಪ್ರಿಸಿಷನ್ ಬೇಸಿನ ಬೆರಳುಪಟ್ಟಿಗೆ ರೋಸ್‌ವುಡ್ ಮರವನ್ನು ಬಳಸತೊಡಗಿದರು. ಮೊದಲು ಬಂದುದು ಬ್ರೆಜಿಲ್ ದೇಶದ ಮರ. ಅದು ವಿರಳವಾದಂತೆ ಗಿಟಾರ್ ತಯಾರಕರ ದೃಷ್ಟಿ ದಕ್ಷಿಣ ಭಾರತದ ಬೀಟೆಯತ್ತ ಹೊರಳಿತು. ವಯನಾಡು, ನೀಲಗಿರಿ, ಕೊಡಗುಗಳ ತೋಟಗಳಲ್ಲಿ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲುವ, ಮಲೆಯಾಳದಲ್ಲಿ ‘ಈಟ್ಟಿ’ ಎಂದು ಕರೆಯುವ ಅದೇ ಬೀಟೆ. ನಮ್ಮ ಹಿರಿಯರ ಮಂಚ ಬಾಗಿಲುಗಳಾದ ಮರವೇ ಸಪ್ತಸಾಗರದಾಚೆ ಗಿಟಾರುಗಳ ಮೇಲೆ ಬೆರಳಿನಡಿ ಕುಳಿತಿದೆ.

೧೯೯೨ರಿಂದ ಬ್ರೆಜಿಲ್ ರೋಸ್‌ವುಡ್ಡಿನ ಅಂತಾರಾಷ್ಟ್ರೀಯ ವ್ಯಾಪಾರವನ್ನು ವನ್ಯಜೀವಿ ಒಪ್ಪಂದವೊಂದು ಬಹುತೇಕ ನಿಲ್ಲಿಸಿದೆ. ೨೦೧೭ರಲ್ಲಿ ನಮ್ಮ ಬೀಟೆಯನ್ನೂ ಸೇರಿಸಿ ಆ ಜಾತಿಯ ಮರಗಳೆಲ್ಲ ನಿಯಂತ್ರಣಕ್ಕೊಳಪಟ್ಟುವು. ೨೦೧೯ರಲ್ಲಿ ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ದೊರೆಯಿತು, ಆದರೆ ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಸಲ್ಲಲಿಲ್ಲ. ೧೯೫೦ರ ದಶಕದ ವಾದ್ಯಗಳ ಒಡಲಿಗೆ ಬಳಸುತ್ತಿದ್ದ ಆಶ್ ಮರದ್ದೂ ಇಂಥದೇ ಪಾಡು. ಏಷ್ಯಾದಿಂದ ಹೋದ ಹಸಿರು ಬಣ್ಣದ ಒಂದು ಜೀರುಂಡೆ ೨೦೦೨ರಲ್ಲಿ ಮಿಷಿಗನ್ ರಾಜ್ಯದಲ್ಲಿ ಕಾಣಿಸಿಕೊಂಡು, ಕೋಟ್ಯಂತರ ಆಶ್ ಮರಗಳನ್ನು ಕೊಂದಿತು. ೨೦೨೦ರಲ್ಲಿ ಫೆಂಡರ್ ಸಂಸ್ಥೆ ಆ ಮರದ ಬಳಕೆಯನ್ನು ತಗ್ಗಿಸುವುದಾಗಿ ಪ್ರಕಟಿಸಿತು. ಮೂಲದ ಮರವೇ ಇಲ್ಲವಾದ ಮೇಲೆ ನಿಷ್ಠೆ ಎಂದರೇನು? ಮನಸ್ಸಾಕ್ಷಿಯುಳ್ಳ ಕುಶಲಿಯು ಬೀಟೆಯನ್ನು ಹಾಕಿ ‘ಇದು ಬೀಟೆ’ ಎಂದೇ ಹೇಳುತ್ತಾನೆ. ಕಾಡಿನ ಕೊನೆಯ ಮರವನ್ನು ಕಡಿದು ತರುವ ನಿಷ್ಠೆ ನಿಷ್ಠೆಯಲ್ಲ.

ಯಾವ ಮೂಲಕ್ಕೆ ನಿಷ್ಠೆ?

ಇನ್ನೊಂದು ತೊಡಕಿದೆ. ಫೆಂಡರ್ ತಮ್ಮ ಮಾದರಿಗೆ ತಾವೇ ನಿಷ್ಠರಾಗಿರಲಿಲ್ಲ. ೧೯೫೧ರ ಚಪ್ಪಟೆ ಒಡಲಿನ ಅಂಚನ್ನು ೧೯೫೪ರಲ್ಲಿ ಮೈಗೆ ಹೊಂದುವಂತೆ ತೀಡಿದರು; ೧೯೫೭ರಲ್ಲಿ ಪಿಕಪ್ ಬದಲಾಯಿತು, ದಂಡಿಯ ತಲೆಯ ಆಕಾರವೂ ಬದಲಾಯಿತು; ೧೯೫೯ರಲ್ಲಿ ಬೆರಳುಪಟ್ಟಿ ಬದಲಾಯಿತು. ದಂಡಿಯ ಬೆನ್ನಿನ ಉಬ್ಬನ್ನು ಕೆಲಸಗಾರರು ಕೈಯಂದಾಜಿನಿಂದ ಉಜ್ಜಿ ತರುತ್ತಿದ್ದುದರಿಂದ ಒಂದೇ ವಾರ ಹುಟ್ಟಿದ ಎರಡು ವಾದ್ಯಗಳೂ ತದ್ರೂಪಿಗಳಲ್ಲ. ಫೆಂಡರ್ ಆಯ್ದುದು ಅಗ್ಗವಾಗಿ, ಸುಲಭವಾಗಿ ಸಿಗುತ್ತಿದ್ದ ಮರ ಮತ್ತು ರೇಡಿಯೋ ಬಿಡಿಭಾಗಗಳು. ಇಂದು ಅವನ್ನೇ ಹುಡುಕಲು ಕುಶಲಿ ದೇಶಾಂತರ ಅಲೆಯಬೇಕಾಗಿದೆ.

ಮೂಲವೇ ಕಣ್ಮರೆಯಾದರಂತೂ ತೊಡಕು ಇಮ್ಮಡಿಸುತ್ತದೆ. ಡೆಟ್ರಾಯ್ಟ್ ನಗರದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಕರಿಯ ಜನಾಂಗದ ಮಹಾವಾದಕರಿದ್ದರು. ೧೯೬೦ರ ದಶಕದಲ್ಲಿ ಲೋಕವೆಲ್ಲ ಗುನುಗಿದ ಎಷ್ಟೋ ಹಾಡುಗಳ ಮಂದ್ರಸ್ವರ ಅವರದು. ಆದರೂ ೧೯೭೧ರವರೆಗೆ ಆ ಸಂಸ್ಥೆಯ ದೊಡ್ಡ ಬಿಡುಗಡೆಗಳ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ. ೧೯೬೨ರ ಒಂದು ಪ್ರಿಸಿಷನ್ ಬೇಸ್ ಅವರ ಸಂಗಾತಿ. ತಂತಿಗಳನ್ನು ಬದಲಿಸುವುದು ಅವರಿಗೆ ಇಷ್ಟವಿರಲಿಲ್ಲ. ನುಡಿಸುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ. ೧೯೮೩ರಲ್ಲಿ ಅವರು ತೀರಿಕೊಳ್ಳುವುದಕ್ಕೆ ತುಸು ಮುನ್ನ ಆ ವಾದ್ಯ ಕಳವಾಯಿತು. ಅದು ಮರಳಿ ಸಿಕ್ಕಿಲ್ಲ.

ಇಂಥ ಕಳವಿನ ಇನ್ನೊಂದು ಕಥೆ ಸುಖಾಂತವಾಯಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ೧೯೬೧ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ, ಪಿಟೀಲಿನಾಕಾರದ ಜರ್ಮನ್ ಹಾಫ್ನರ್ ಬೇಸ್ ೧೯೭೨ರಲ್ಲಿ ಲಂಡನ್ನಿನಲ್ಲಿ ಕಳವಾಗಿ, ಅರ್ಧ ಶತಮಾನದ ಮೇಲೆ ದೊರೆತು, ೨೦೨೪ರ ಫೆಬ್ರವರಿಯಲ್ಲಿ ಆ ಸುದ್ದಿ ಪ್ರಕಟವಾಯಿತು. ನಡುವಿನ ವರ್ಷಗಳಲ್ಲಿ ಆ ವಾದ್ಯದ ನೆನಪನ್ನು ಕಾಯ್ದುದು ಛಾಯಾಚಿತ್ರಗಳು, ಧ್ವನಿಮುದ್ರಿಕೆಗಳು ಮತ್ತು ಅದೇ ಕಂಪನಿ ಆ ಮಾದರಿಯಲ್ಲಿ ನಿರ್ಮಿಸಿದ ಪ್ರತಿಕೃತಿಗಳು. ಜೇಮರ್ಸನ್ ಅವರ ವಾದ್ಯಕ್ಕೆ ಇಂದು ಅಷ್ಟೇ ಗತಿ. ಪ್ರತಿಕೃತಿ ಮಾಡುವವನು ೧೯೬೨ರ ಮರ, ಎಳೆ, ಮೆರುಗೆಣ್ಣೆಗಳನ್ನು ಕೂಡಿಸಬಲ್ಲ. ಆ ತೋರುಬೆರಳನ್ನು ಕೂಡಿಸಲಾರ.

ಹೆಸರಿನ ಪ್ರಶ್ನೆ

ಎಲ್ಲಿ ಬೆಲೆಯುಂಟೋ ಅಲ್ಲಿ ಕಳ್ಳನೂ ಉಂಟು. ಮೂಲ ವಾದ್ಯಗಳಿಗೆ ಸಾವಿರಾರು ಡಾಲರ್ ಬೆಲೆಯಿರುವುದರಿಂದ, ಪ್ರತಿಕೃತಿಯನ್ನೇ ಮೂಲವೆಂದು ಮಾರುವವರು ಹುಟ್ಟಿಕೊಂಡಿದ್ದಾರೆ. ಅದಕ್ಕಾಗಿ ಬಲ್ಲವರು ಬಿಡಿಭಾಗಗಳ ಮೇಲೆ ಮುದ್ರಿತವಾದ ವರ್ಷ ಮತ್ತು ವಾರದ ಸಂಖ್ಯೆಗಳನ್ನು ಓದಿ, ದಂಡಿಯ ಬುಡದ ತಾರೀಖಿನೊಡನೆ ತಾಳೆ ನೋಡುತ್ತಾರೆ. ೨೦೦೯ರಲ್ಲಿ ಅಮೆರಿಕದ ವ್ಯಾಪಾರಮುದ್ರೆಯ ನ್ಯಾಯಮಂಡಲಿಯು ಪ್ರಿಸಿಷನ್ ಬೇಸಿನ ಒಡಲಿನ ಆಕಾರ ಯಾರೊಬ್ಬರ ಸ್ವತ್ತೂ ಅಲ್ಲವೆಂಬರ್ಥದ ತೀರ್ಪು ಕೊಟ್ಟಿತು. ಆದರೆ ಹೆಸರು ಮತ್ತು ತಲೆಯ ಆಕಾರ ಸಂಸ್ಥೆಯ ಸ್ವತ್ತಾಗಿಯೇ ಉಳಿದಿವೆ. ಆಕಾರವನ್ನು ಯಾರೂ ಅಭ್ಯಾಸ ಮಾಡಬಹುದು, ಹೆಸರನ್ನು ಕದಿಯುವಂತಿಲ್ಲ. ಪ್ರಾಮಾಣಿಕ ಕುಶಲಿಗಳು ಒಡಲಿಗೆ ದಂಡಿ ಕೂಡುವ ಒಳಗುಳಿಯಲ್ಲಿ ತಮ್ಮ ಹೆಸರನ್ನೂ ವರ್ಷವನ್ನೂ ಬರೆದಿಡುತ್ತಾರೆ. ಹೊರಗೆ ಕಾಣದಿದ್ದರೂ ನಾಳೆ ಬಿಚ್ಚಿ ನೋಡಿದವನಿಗೆ ಸತ್ಯ ತಿಳಿಯುತ್ತದೆ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಆ ಒಳಗುಳಿಯ ಹೆಸರಿನಲ್ಲಿದೆ. ಒಂದೇ ಕಾರ್ಖಾನೆಯ ಅನಾಮಧೇಯ ಕೆಲಸಗಾರರು ಉಪ್ಪುಕಾಗದ ಹಿಡಿದು, ಎಳೆ ಸುತ್ತಿ, ಮೊಳೆ ಹೊಡೆದು ಗಳಿಸಿದ್ದ ಕೈಗಾರಿಕೆಯ ಜ್ಞಾನ ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ಅದನ್ನು ಅವರ ವಾದ್ಯದಿಂದಲೇ ಓದಿಕೊಳ್ಳಬೇಕು. ಓದಿದ್ದು ಸರಿಯೇ ಎಂದು ತಿಳಿಯಲು ಅದರಂತೆ ಇನ್ನೊಂದನ್ನು ಮಾಡಿಯೇ ನೋಡಬೇಕು. ಮೇಲ್ಪಂಕ್ತಿಯ ಕೆಳಗೆ ತನ್ನ ಪಂಕ್ತಿಯನ್ನು ಬರೆದು, ಪುಟದ ಕೊನೆಗೆ ತನ್ನದೇ ಹೆಸರು ಹಾಕುವ ವಿದ್ಯಾರ್ಥಿಯನ್ನು ಯಾವ ಉಪಾಧ್ಯಾಯರೂ ಶಿಕ್ಷಿಸಲಾರರು. ನಮ್ಮ ಮಕ್ಕಳೂ ಒಂದು ಹಳೆಯ ಕೊಡೆಯನ್ನೋ, ಹಾಳಾದ ರೇಡಿಯೋವನ್ನೋ, ಅಜ್ಜನ ಕಾಲದ ಚಕ್ಕಡಿಯ ಗಾಲಿಯನ್ನೋ ಎದುರಿಗಿಟ್ಟುಕೊಂಡು ‘ಇದನ್ನು ಹೀಗೇಕೆ ಮಾಡಿದರು?’ ಎಂದು ಕೇಳಿ, ಅದರಂತೆ ಒಂದನ್ನು ಮಾಡಲು ಕುಳಿತರೆ, ತಾಯಿತಂದೆಗಳು ಅದನ್ನು ಕಾಲಹರಣವೆಂದು ಎಣಿಸದಿರಲಿ.