ಹಳೆಯ ಕಾರ್ಕ್‌ಸ್ಕ್ರೂಗಳ ಗುರುತಿಸುವಿಕೆ ಮತ್ತು ಕಾಲನಿರ್ಣಯ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬಾಟಲಿಯ ಬಾಯಿಗೆ ಬಿಗಿಯಾಗಿ ಹಾಕಿದ ಬಿರಡೆಯನ್ನು ಹೊರತೆಗೆಯುವ ತಿರುಪು ಉಪಕರಣವನ್ನು ಕಾರ್ಕ್‌ಸ್ಕ್ರೂ ಎನ್ನಲಾಗುತ್ತದೆ. 1809ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ದಂಡು ಪ್ರದೇಶ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳು ಹಾಗೂ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಐರೋಪ್ಯರು ನೆಲೆಸಿದ್ದರು. ಅವರ ಗೃಹೋಪಯೋಗಿ ವಸ್ತುಗಳು ಕಾಲಾನಂತರದಲ್ಲಿ ಸ್ಥಳೀಯರ ಮನೆಗಳನ್ನೂ ಹಳೆಯ ಸಾಮಾನುಗಳ ಅಂಗಡಿಗಳನ್ನೂ ಸೇರಿವೆ. ಇಂತಹ ವಸ್ತುವನ್ನು ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆಯಾಗಿ ಕಳುಹಿಸುವ ಮೊದಲು ಅದರ ವಯಸ್ಸನ್ನು ತಿಳಿಯುವುದು ಅವಶ್ಯಕ. ವಸ್ತು ಚಿಕ್ಕದೆಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ಇರುವುದಿಲ್ಲ.

ಕಾನೂನಿನ ಅವಕಾಶಗಳು

ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ, 1972 ದಿನಾಂಕ 5-4-1976ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಕನಿಷ್ಠ 100 ವರ್ಷಗಳಿಂದ ಅಸ್ತಿತ್ವದಲ್ಲಿರುವ ಕಲೆ ಅಥವಾ ಕರಕೌಶಲದ ವಸ್ತುಗಳು ಹಾಗೂ ಗತಕಾಲದ ಕಸುಬು, ವಿಜ್ಞಾನ, ರೂಢಿಗಳನ್ನು ತೋರಿಸುವ ವಸ್ತುಗಳು ಪ್ರಾಚೀನ ವಸ್ತುಗಳಾಗಿರುತ್ತವೆ. ಅವುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಉಲ್ಲಂಘಿಸಿದಲ್ಲಿ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಕಾರಾವಾಸ ಮತ್ತು ಜುಲ್ಮಾನೆ ವಿಧಿಸಬಹುದಾಗಿದೆ. ವಸ್ತುವು ಪ್ರಾಚೀನವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳ ತೀರ್ಮಾನವೇ ಅಂತಿಮ.

ಆದ್ದರಿಂದ ಅರ್ಜಿದಾರರು ಉತ್ತರಿಸಬೇಕಾದ ಮುಖ್ಯ ಪ್ರಶ್ನೆ ಒಂದೇ: ವಸ್ತು 100 ವರ್ಷಗಳ ಗಡಿಯ ಯಾವ ಬದಿಯಲ್ಲಿದೆ? ತುಕ್ಕು, ಕಪ್ಪು ಬಣ್ಣ ಅಥವಾ "ಮುತ್ತಜ್ಜನ ಕಾಲದ್ದು" ಎಂಬ ಮಾತು ಇದಕ್ಕೆ ಸಾಕಾಗುವುದಿಲ್ಲ. ವಸ್ತುವಿನ ಮೇಲಿರುವ ಸಾಕ್ಷ್ಯವನ್ನೇ ಪರಿಶೀಲಿಸಬೇಕು.

ರಚನೆಯಿಂದ ತಿಳಿಯುವ ಅಂಶಗಳು

ಬಿರಡೆ ತೆಗೆಯುವ ಉಕ್ಕಿನ ತಿರುಪಿನ ಉಲ್ಲೇಖವು ಇಂಗ್ಲೆಂಡಿನಲ್ಲಿ 1681ರಷ್ಟು ಹಿಂದೆಯೇ ದೊರೆಯುತ್ತದೆ. ಮುಖ್ಯ ಬಗೆಗಳು ಹೀಗಿವೆ:

1. ನೇರವಾಗಿ ಎಳೆಯುವ ಬಗೆ: ಅಡ್ಡಹಿಡಿ ಮತ್ತು ತಿರುಪು ಮಾತ್ರ ಇರುತ್ತವೆ. ಹಿಡಿಯ ಒಂದು ತುದಿಯಲ್ಲಿ ಬಾಟಲಿಯ ಕುತ್ತಿಗೆಯ ಧೂಳು ಒರೆಸುವ ಸಣ್ಣ ಕುಂಚವಿರುವುದುಂಟು.
2. ಬಿಲ್ಲೆಯುಳ್ಳ ಬಗೆ: ತಿರುಪಿನ ಮೇಲ್ತುದಿಯಲ್ಲಿರುವ ಲೋಹದ ಬಿಲ್ಲೆಯು ಬಿರಡೆಯನ್ನು ಒತ್ತಿ ತಿರುಗಿಸಿ ಸಡಿಲಗೊಳಿಸುತ್ತದೆ. ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಪಾದ್ರಿಯು 1795ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಇದು ಕಾರ್ಕ್‌ಸ್ಕ್ರೂಗೆ ಇಂಗ್ಲೆಂಡಿನಲ್ಲಿ ದೊರೆತ ಮೊದಲ ಪೇಟೆಂಟ್.
3. ಹಿತ್ತಾಳೆಯ ಕೊಳವೆಯುಳ್ಳ ಬಗೆ: ಬರ್ಮಿಂಗ್‌ಹ್ಯಾಮ್‌ನ ಎಡ್ವರ್ಡ್ ಥಾಮಸನ್ 1802ರಲ್ಲಿ ಪೇಟೆಂಟ್ ಪಡೆದನು. ಹಿಡಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಬಿರಡೆ ಹೊರಬರುತ್ತದೆ.
4. ಮಡಚುವ ಸನ್ನೆಯ ಬಗೆ: ಪರಿಚಾರಕರು ಕಿಸೆಯಲ್ಲಿಡುವ ಈ ಉಪಕರಣಕ್ಕೆ ಜರ್ಮನಿಯ ರೋಸ್ಟಾಕ್‌ನ ಕಾರ್ಲ್ ವೀಂಕೆ 1882ರಲ್ಲಿ ಪೇಟೆಂಟ್ ಪಡೆದನು.

ಅಂದಿನ ಇಂಗ್ಲೆಂಡಿನಲ್ಲಿ ಪೇಟೆಂಟಿನ ಅವಧಿ 14 ವರ್ಷಗಳು ಮಾತ್ರ. ಅವಧಿ ಮುಗಿದ ನಂತರ ಅದೇ ವಿನ್ಯಾಸವನ್ನು ಇತರರೂ ತಯಾರಿಸಬಹುದಿತ್ತು. ಆದುದರಿಂದ ವಿನ್ಯಾಸವು ವಸ್ತುವಿನ ಅತಿ ಹಿಂದಿನ ಸಂಭವನೀಯ ವರ್ಷವನ್ನು ತಿಳಿಸುತ್ತದೆಯೇ ಹೊರತು ತಯಾರಾದ ವರ್ಷವನ್ನಲ್ಲ.

ಅಚ್ಚೊತ್ತಿದ ಗುರುತುಗಳು

ಭೂತಗನ್ನಡಿಯ ನೆರವಿನಿಂದ ಹಿಡಿ, ದಂಡ ಮತ್ತು ಕೊಳವೆಯನ್ನು ಪರೀಕ್ಷಿಸತಕ್ಕದ್ದು.

• ವಜ್ರಾಕೃತಿಯ ಗುರುತು: 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ನೋಂದಾಯಿತವಾದ ವಿನ್ಯಾಸ. ವರ್ಷವನ್ನು ಸೂಚಿಸುವ ಅಕ್ಷರವು 1867ರವರೆಗೆ ಮೇಲಿನ ಮೂಲೆಯಲ್ಲಿಯೂ 1868ರಿಂದ ಬಲ ಮೂಲೆಯಲ್ಲಿಯೂ ಇರುತ್ತದೆ.
• "ಆರ್‌ಡಿ ನಂಬರ್" ಮತ್ತು ಅಂಕಿ: 1884ರಿಂದ ಆರಂಭವಾದ ನೋಂದಣಿ ಕ್ರಮ.
• "ಡಿ.ಆರ್.ಜಿ.ಎಂ.": 1891ರಿಂದ ಜರ್ಮನಿಯಲ್ಲಿ ಬಳಕೆಗೆ ಬಂದ ವಿನ್ಯಾಸ ರಕ್ಷಣೆಯ ಗುರುತು.
• "ಇಂಗ್ಲೆಂಡ್" ಎಂಬ ದೇಶದ ಹೆಸರು: ಅಮೆರಿಕದ 1890ರ ಸುಂಕ ಕಾಯ್ದೆಯ ನಂತರ ರಫ್ತು ವಸ್ತುಗಳ ಮೇಲೆ ಇದು ಸಾಮಾನ್ಯವಾಯಿತು.
• "ವೆಸ್ಟ್ ಜರ್ಮನಿ": ಆ ದೇಶ 1949ರಲ್ಲಿ ರೂಪುಗೊಂಡಿದ್ದರಿಂದ ಅದಕ್ಕಿಂತ ಹಿಂದಿನದಲ್ಲ.
• ಬೆಳ್ಳಿಯ ಭಾಗಗಳ ಮೇಲೆ ಲಂಗರಿನ ಚಿಹ್ನೆ ಬರ್ಮಿಂಗ್‌ಹ್ಯಾಮ್ ಅನ್ನು, ಚಿರತೆಯ ಮುಖ ಲಂಡನ್ ಅನ್ನು ಸೂಚಿಸುತ್ತವೆ. ಜೊತೆಗಿರುವ ಅಕ್ಷರದಿಂದ ವರ್ಷವನ್ನು ತಿಳಿಯಬಹುದು.

ಬ್ರಿಟಿಷ್ ವಿನ್ಯಾಸ ನೋಂದಣಿಯ ಹಳೆಯ ದಾಖಲೆಗಳನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಸಂರಕ್ಷಿಸಲಾಗಿದೆ. ಸಂಖ್ಯೆ ಸ್ಪಷ್ಟವಾಗಿದ್ದಲ್ಲಿ ಅಲ್ಲಿನ ದಾಖಲೆಗಳೊಂದಿಗೆ ಹೋಲಿಸಬಹುದು.

ಲೋಹ ಮತ್ತು ಹಿಡಿ

ತುಕ್ಕುರಹಿತ ಉಕ್ಕು 1913ರ ನಂತರದ್ದು. ಕ್ರೋಮಿಯಂ ಲೇಪ 1920ರ ದಶಕದಿಂದ ಬಳಕೆಗೆ ಬಂದಿತು. ಉದಾಹರಣೆಗೆ, ಮಡಚುವ ಕಾರ್ಕ್‌ಸ್ಕ್ರೂ ಒಂದರ ಮೇಲೆ "ಡಿ.ಆರ್.ಜಿ.ಎಂ." ಎಂದಿದ್ದು ಮೂಲ ಲೇಪವೂ ಕ್ರೋಮಿಯಂ ಆಗಿದ್ದರೆ, ಗುರುತು 1891ನ್ನು ಸೂಚಿಸಿದರೂ ವಸ್ತು 1920ರ ದಶಕಕ್ಕಿಂತ ಹಿಂದಿನದಾಗಿರಲಾರದು. ಹಲವು ಸಾಕ್ಷ್ಯಗಳಿರುವಲ್ಲಿ ಅತಿ ಈಚಿನದನ್ನೇ ಆಧಾರವಾಗಿ ಪರಿಗಣಿಸಬೇಕು. ಆದರೆ ದುರಸ್ತಿಯ ವೇಳೆ ಬದಲಾಯಿಸಿದ ತಿರುಪು ಅಥವಾ ಹೊಸದಾಗಿ ಹಾಕಿಸಿದ ಲೇಪವನ್ನು ಇಡೀ ವಸ್ತುವಿನ ವಯಸ್ಸಿಗೆ ಆಧಾರ ಮಾಡಿಕೊಳ್ಳಬಾರದು.

ಬಿಳಿಯ ಹಿಡಿಯು ಮೂಳೆಯದೋ ದಂತದ್ದೋ ಎಂಬುದನ್ನು ಅರಿಯುವುದು ಮುಖ್ಯ. ಮೂಳೆಯಲ್ಲಿ ಸೂಕ್ಷ್ಮವಾದ ಕಪ್ಪು ಚುಕ್ಕೆಗಳು ಹಾಗೂ ಗೆರೆಗಳು ಕಾಣುತ್ತವೆ. ಆನೆಯ ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳಿರುತ್ತವೆ. ದಂತದ ವ್ಯಾಪಾರವನ್ನು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅಡಿಯಲ್ಲಿ ನಿಷೇಧಿಸಲಾಗಿದೆ. ಬಿಸಿ ಸೂಜಿಯಿಂದ ಚುಚ್ಚಿ ಪರೀಕ್ಷಿಸುವುದು ವಸ್ತುವಿಗೆ ಹಾನಿಕರವಾದುದರಿಂದ ಹಾಗೆ ಮಾಡಬಾರದು.

ಅರ್ಜಿ ಸಲ್ಲಿಸುವ ಮುನ್ನ

1. ವಸ್ತುವನ್ನು ಹುಣಸೆಹಣ್ಣು, ಆಮ್ಲ ಅಥವಾ ಮರಳುಕಾಗದದಿಂದ ಉಜ್ಜಬೇಡಿ. ಗುರುತು ಅಳಿಸಿದರೆ ಸಾಕ್ಷ್ಯವೂ ಅಳಿಯುತ್ತದೆ. ಒಣ ಮೃದು ಬಟ್ಟೆಯಿಂದ ಒರೆಸಿದರೆ ಸಾಕು.
2. ಉದ್ದ, ತೂಕ ಹಾಗೂ ತಿರುಪಿನ ಸುತ್ತುಗಳ ಸಂಖ್ಯೆಯನ್ನು ಬರೆದಿಡಿ.
3. ಎಲ್ಲ ಬದಿಗಳ ಮತ್ತು ಪ್ರತಿಯೊಂದು ಗುರುತಿನ ಸ್ಪಷ್ಟ ಛಾಯಾಚಿತ್ರಗಳನ್ನು, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತೆಗೆಯಿರಿ.
4. ವಸ್ತು ಕೈಸೇರಿದ ಬಗೆಯನ್ನು ಬರೆಯಿರಿ. ಖರೀದಿ ರಸೀದಿ, ಉಯಿಲು ಅಥವಾ ಹಳೆಯ ಪತ್ರಗಳಿದ್ದಲ್ಲಿ ಪ್ರತಿಗಳನ್ನು ಲಗತ್ತಿಸಿ.

ವಸ್ತುವು 100 ವರ್ಷಗಳಿಗಿಂತ ಈಚಿನದೆಂದು ಕಂಡುಬಂದರೂ ವಿದೇಶಕ್ಕೆ ಒಯ್ಯುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ "ಪ್ರಾಚೀನ ವಸ್ತುವಲ್ಲ" ಎಂಬ ಪ್ರಮಾಣಪತ್ರ ಪಡೆಯುವುದು ಸೂಕ್ತ. ಪ್ರಯಾಣದ ದಿನ ಸಮೀಪಿಸುವವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸತಕ್ಕದ್ದು.

ಸೂಚನೆ: ಈ ಮಾಹಿತಿಯು ಪ್ರಾಥಮಿಕ ಪರಿಶೀಲನೆಗೆ ಮಾತ್ರ, ತಜ್ಞರ ಪರೀಕ್ಷೆಗೆ ಪರ್ಯಾಯವಲ್ಲ. 100 ವರ್ಷ ದಾಟಿದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಅದನ್ನು ಅದರ ವಿವರಗಳೊಂದಿಗೆ ಜೋಪಾನವಾಗಿರಿಸಿ ಮುಂದಿನ ಪೀಳಿಗೆಗೆ ತಲುಪಿಸಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.